ಆ್ಯಪ್‌ನಲ್ಲಿ ಕೆಂಪು ಅಕ್ಷರ ಬರಲಿಲ್ಲ ಅಂದರೆ ತುಂಬಿದ್ದೆಲ್ಲ ಸರಿ ಅಂತಲೇ?

ಬ್ಯಾಂಕ್ ಆ್ಯಪ್‌ನಲ್ಲಿ ಹಣ ಕಳಿಸುವಾಗಲೋ, ಯಾವುದಾದರೂ ಅರ್ಜಿ ತುಂಬುವಾಗಲೋ ಟೈಪ್ ಮಾಡುವ ಜಾಗದ ಸುತ್ತ ಇದ್ದಕ್ಕಿದ್ದಂತೆ ಕೆಂಪು ಗೆರೆ ಮೂಡುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಇನ್‌ವ್ಯಾಲಿಡ್’ ಎಂದು ಬರುತ್ತದೆ. ಅಕೌಂಟೇ ಬ್ಲಾಕ್ ಆಯಿತೇನೋ ಎಂದು ಗಾಬರಿ ಬೀಳುವವರಿದ್ದಾರೆ. ಇದಕ್ಕಿಂತ ದುಬಾರಿಯಾದ ನಂಬಿಕೆ ಇನ್ನೊಂದಿದೆ: ಕೆಂಪು ಬರಲಿಲ್ಲವೆಂದರೆ ಬ್ಯಾಂಕ್ ಎಲ್ಲವನ್ನೂ ನೋಡಿ ಒಪ್ಪಿದೆ ಎಂಬುದು. ಎರಡೂ ತಪ್ಪು. ಹೇಗೆಂದು ನೋಡೋಣ.

ಕೆಂಪು ಮಾಡುವುದು ಯಾರು?

ಬಹಳ ಸಲ ನಿಮ್ಮ ಫೋನೇ. ಬೇಕಿದ್ದರೆ ಫಾರ್ಮ್ ತೆರೆದ ಮೇಲೆ ಇಂಟರ್ನೆಟ್ ಆಫ್ ಮಾಡಿ, ಮೊಬೈಲ್ ನಂಬರ್ ಕೇಳುವ ಕಡೆ ಆರೇ ಅಂಕಿ ಒತ್ತಿ ನೋಡಿ. ಎಷ್ಟೋ ಆ್ಯಪ್‌ಗಳಲ್ಲಿ ಆಗಲೂ ಕೆಂಪು ಬರುತ್ತದೆ. ಅಂದರೆ ಬ್ಯಾಂಕಿನ ಕಂಪ್ಯೂಟರ್‌ಗೆ ನೀವು ಬರೆದದ್ದು ಇನ್ನೂ ಹೋಗಿಯೇ ಇಲ್ಲ. ಬರೆದದ್ದು ಇರಬೇಕಾದ ಅಳತೆಯಲ್ಲಿ ಇದೆಯೇ ಎಂದಷ್ಟೇ ಆ್ಯಪ್ ನೋಡಿದೆ.

ಐಎಫ್‌ಎಸ್‌ಸಿ ಕೋಡ್ ತೆಗೆದುಕೊಳ್ಳಿ. ಅದರಲ್ಲಿ ಒಟ್ಟು 11 ಸ್ಥಾನ. ಮೊದಲ ನಾಲ್ಕು ಅಕ್ಷರ ಬ್ಯಾಂಕಿನದು, ಕೊನೆಯ ಆರು ಶಾಖೆಯದು, ನಡುವಿನ ಐದನೆಯದು ಯಾವಾಗಲೂ ಸೊನ್ನೆ. ಆ ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಒತ್ತಿದರೆ ಕಣ್ಣಿಗೆ ಎರಡೂ ಒಂದೇ, ಆ್ಯಪ್‌ಗೆ ಅಲ್ಲ. ಕೂಡಲೇ ಕೆಂಪು.

ಕಾರ್ಡ್ ನಂಬರಿನಲ್ಲಿ ಇನ್ನೂ ಜಾಣ ಲೆಕ್ಕವಿದೆ. ಕೊನೆಯ ಅಂಕಿಯನ್ನು ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಐಬಿಎಂನಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್ ಎಂಬುವರ ಈ ವಿಧಾನಕ್ಕೆ 1960ರಲ್ಲಿ ಪೇಟೆಂಟ್ ಸಿಕ್ಕಿತು. ಯಾವುದಾದರೂ ಒಂದು ಅಂಕಿ ತಪ್ಪಿದರೆ ಲೆಕ್ಕ ಕೂಡುವುದಿಲ್ಲ. ಆದರೆ 09 ಇರುವಲ್ಲಿ 90 ಎಂದು ಅದಲುಬದಲು ಒತ್ತಿದರೆ ಇದಕ್ಕೆ ಗೊತ್ತಾಗದು. ಆಧಾರ್‌ನ 12ನೇ ಅಂಕಿಗೆ ಬಳಸುವ ವೆರ್ಹೂಫ್ ವಿಧಾನ ಅಂಥ ಅದಲುಬದಲನ್ನೂ ಹಿಡಿಯುತ್ತದೆ. ಹಾಗೆಂದು ಲೆಕ್ಕ ಕೂಡಿದ ಮಾತ್ರಕ್ಕೆ ಆ ಆಧಾರ್ ನಿಜಕ್ಕೂ ಯಾರದ್ದೋ ಇದೆ ಎಂದರ್ಥವಲ್ಲ.

ಕೆಂಪು ಬರದೇ ಹಣ ಹೋಗುವುದು ಇಲ್ಲಿ

ಬ್ಯಾಂಕ್ ಖಾತೆ ಸಂಖ್ಯೆಗೆ ಎಲ್ಲ ಬ್ಯಾಂಕುಗಳಿಗೂ ಒಪ್ಪುವ ಇಂಥ ಲೆಕ್ಕವಿಲ್ಲ. ಒಂದೊಂದು ಬ್ಯಾಂಕಿನಲ್ಲಿ ಒಂದೊಂದು ಉದ್ದ. ಹಾಗಾಗಿ ಒಂದು ಅಂಕಿ ತಪ್ಪಿದರೂ ಪರದೆ ತಣ್ಣಗೇ ಇರಬಹುದು. ‘ಇನ್ನೊಮ್ಮೆ ಟೈಪ್ ಮಾಡಿ’ ಎಂದು ಆ್ಯಪ್ ಕೇಳುವುದು, ಆ ಎರಡನೇ ಜಾಗದಲ್ಲಿ ಪೇಸ್ಟ್ ಮಾಡಲು ಬಿಡದಿರುವುದು ಇದಕ್ಕೇ. ಕಿರಿಕಿರಿ ಅನ್ನಿಸಬಹುದು, ಆದರೆ ನಮ್ಮ ಪ್ರಕಾರ ಇಡೀ ಫಾರ್ಮಿನಲ್ಲಿ ಅತಿ ಉಪಯೋಗದ ಜಾಗ ಅದೇ.

ಹೆಸರು ಸರಿಯಾಗಿ ಬರೆದಿದ್ದೇವಲ್ಲ, ಬ್ಯಾಂಕ್ ಹೋಲಿಸಿ ನೋಡುವುದಿಲ್ಲವೇ? ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ಖಾತೆ ಸಂಖ್ಯೆಯನ್ನಷ್ಟೇ ನೋಡಿ ಹಣ ಜಮಾ ಮಾಡಬಹುದು. ಆದ್ದರಿಂದಲೇ, ಕಳಿಸುವ ಮೊದಲು ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ಆರ್‌ಬಿಐ ಬ್ಯಾಂಕುಗಳಿಗೆ ಸೂಚಿಸಿತ್ತು. ಆ ಹೆಸರು ಬಂದಾಗ ಅವಸರದಲ್ಲಿ ಮುಂದೆ ಒತ್ತದೆ ಓದಿ. ಅದು ಬ್ಯಾಂಕಿನ ದಾಖಲೆಯಿಂದ ಬರುವ ಹೆಸರು.

ಬರೀ ಬಣ್ಣ ಬದಲಾದರೆ ಸಾಲದು

ಕೆಂಪು–ಹಸಿರು ಗುರುತಿಸಲು ಕಷ್ಟಪಡುವವರು ನಮ್ಮ ನಡುವೆ ಇದ್ದಾರೆ, ಗಂಡಸರಲ್ಲಿ ಹೆಚ್ಚು. ಗೆರೆ ಕೆಂಪಾದದ್ದು ಅವರಿಗೆ ಕಾಣದೇ ಹೋಗಬಹುದು. ಮಧ್ಯಾಹ್ನದ ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೂ ಅಷ್ಟೇ. ವೆಬ್ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಸೂಚನೆಯೂ ಇದೇ: ಬಣ್ಣವೊಂದರಿಂದಲೇ ವಿಷಯ ತಿಳಿಸಬಾರದು, ಸಣ್ಣ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಅನುಪಾತದ ವ್ಯತ್ಯಾಸವಿರಬೇಕು. ಬಿಳಿಯ ಮೇಲೆ ಅಪ್ಪಟ ಕೆಂಪು ಇಟ್ಟರೆ ಈ ಅನುಪಾತ ಸುಮಾರು 4:1 ಮಾತ್ರ. ಅದಕ್ಕೇ ಒಳ್ಳೆಯ ಆ್ಯಪ್‌ಗಳ ಕೆಂಪು ಸ್ವಲ್ಪ ಗಾಢವಾಗಿರುತ್ತದೆ, ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಇರುತ್ತದೆ, ತಪ್ಪಾದ ಜಾಗದ ಕೆಳಗೇ ‘ಐಎಫ್‌ಎಸ್‌ಸಿಯಲ್ಲಿ 11 ಸ್ಥಾನ ಇರಬೇಕು’ ಎಂಬಂಥ ಮಾತಿರುತ್ತದೆ. ಬರೀ ‘ಇನ್‌ವ್ಯಾಲಿಡ್’ ಎಂದರೆ ಏನು ಸರಿಪಡಿಸಬೇಕೆಂದು ಯಾರಿಗೆ ತಿಳಿದೀತು?

ಎಲ್ಲ ಸರಿಯಿದ್ದೂ ಕೆಂಪು ಹೋಗದಿದ್ದರೆ ಕೊನೆಗೊಂದು ಸ್ಪೇಸ್ ಸೇರಿದೆಯೇ ನೋಡಿ. ಕೀಬೋರ್ಡ್ ಸೂಚಿಸಿದ ಇಮೇಲ್ ವಿಳಾಸವನ್ನು ಒತ್ತಿದಾಗ ಕಾಣದ ಸ್ಪೇಸ್ ತಾನಾಗಿ ಸೇರುವುದುಂಟು. ಕನ್ನಡ ಕೀಬೋರ್ಡಿನಿಂದ ೧, ೨, ೩ ಎಂದು ಒತ್ತಿದರೂ ಅನೇಕ ಆ್ಯಪ್‌ಗಳು ಅದನ್ನು ಅಂಕಿ ಎಂದು ಒಪ್ಪುವುದಿಲ್ಲ. ಅದು ಆ್ಯಪ್ ಮಾಡಿದವರ ಕೊರತೆ, ನಿಮ್ಮದಲ್ಲ.

ಕೆಂಪೇ ಬಲೆಯಾದಾಗ

ಲಿಂಕ್ ಒತ್ತಿ ಬಂದ ಪುಟವೊಂದು ನೀವು ಪಾಸ್‌ವರ್ಡ್ ಸರಿಯಾಗಿ ಹಾಕಿದರೂ ‘ತಪ್ಪಾಗಿದೆ, ಮತ್ತೆ ಹಾಕಿ’ ಎಂದು ಕೆಂಪಕ್ಷರ ತೋರಿಸುತ್ತಿದ್ದರೆ ಅಲ್ಲೇ ನಿಲ್ಲಿಸಿ. ಪಾಸ್‌ವರ್ಡ್ ಎರಡು ಸಲ ಪಡೆದು ಖಚಿತಪಡಿಸಿಕೊಳ್ಳಲು, ಇಲ್ಲವೇ ನೀವು ಬಳಸುವ ಇನ್ನೊಂದು ಪಾಸ್‌ವರ್ಡನ್ನೂ ಹೊರಗೆಳೆಯಲು ವಂಚಕರು ಹೀಗೆ ಮಾಡುತ್ತಾರೆ. ಪುಟ ಮುಚ್ಚಿ, ನಿಜವಾದ ಆ್ಯಪ್ ತೆರೆದು ಪಾಸ್‌ವರ್ಡ್ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.