ಹಳೆಯ ತೀರ್ಪು, ಇಂದಿನ ಕಾನೂನು

ನಮ್ಮೂರು ಗುರುಗುಂಟಾದಲ್ಲಿ ಬದುವಿನ ಜಗಳ ಕಟ್ಟೆಗೆ ಬಂದರೆ ಹಿರಿಯರು ಮೊದಲು ಕೇಳುವುದು ಒಂದೇ: ‘ಹಿಂದ ಇಂಥಾದ್ದು ಬಂದಾಗ ಏನು ಮಾಡಿದ್ವಿ?’ ಕೋರ್ಟುಗಳೂ ಇದನ್ನೇ ಕೇಳುತ್ತವೆ ಎಂದು ನನಗೆ ತಿಳಿದದ್ದು ಬಿ.ಇ.ಯಲ್ಲಿ ಸಂವಿಧಾನದ ಪಾಠ ಓದುವಾಗ.

ಮುಂದಿನ ಪ್ರಕರಣಕ್ಕೆ ದಾರಿ ತೋರುವ ಹಳೆಯ ತೀರ್ಪೇ ಪೂರ್ವನಿದರ್ಶನ. ಇಂಗ್ಲೆಂಡಿನಲ್ಲಿ ಹೀಗೆ ತೀರ್ಪಿನ ಮೇಲೆ ತೀರ್ಪು ಕೂಡಿ ಬೆಳೆದದ್ದು ‘ಕಾಮನ್ ಲಾ’. ಬ್ರಿಟಿಷರೊಂದಿಗೆ ಅದು ಇಲ್ಲಿಗೂ ಬಂತು. ಸುಪ್ರೀಂ ಕೋರ್ಟ್ ಸಾರಿದ ಕಾನೂನಿಗೆ ದೇಶದ ಎಲ್ಲ ನ್ಯಾಯಾಲಯಗಳೂ ಬದ್ಧ ಎನ್ನುತ್ತದೆ ಸಂವಿಧಾನದ 141ನೇ ವಿಧಿ.

ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. 1989ರ ಸರ್ಕಾರಿ ಅಧಿಸೂಚನೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ. ಹೊರರಾಜ್ಯದವರಿಗೆ 60,000 ರೂಪಾಯಿವರೆಗೆ. ಉತ್ತರ ಪ್ರದೇಶದ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿದರು. ಎಲ್ಲ ಹಂತದ ಶಿಕ್ಷಣವೂ ಹಕ್ಕು, ಕ್ಯಾಪಿಟೇಷನ್ ಶುಲ್ಕ ಸಲ್ಲದು ಎಂದು 1992ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಹೇಳಿತು. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರ ಪೀಠ ಆ ಹಕ್ಕನ್ನು 14 ವರ್ಷ ವಯಸ್ಸಿಗೆ ಮಿತಗೊಳಿಸಿತು. ಅದರಾಚೆಗಿನ ಓದು ಸರ್ಕಾರದ ಆರ್ಥಿಕ ಶಕ್ತಿಗೆ ಬಿಟ್ಟದ್ದು ಎಂದಿತು. ದೊಡ್ಡ ಪೀಠದ ಮಾತಿಗೇ ಹೆಚ್ಚು ತೂಕ.

ನನಗೀಗ ಇಪ್ಪತ್ತು. ನನ್ನ ಫೀಸಿಗಾಗಿ ಅಪ್ಪ ತೊಗರಿ ಮಾರಿದ ದುಡ್ಡು ಎಣಿಸುವಾಗ ಆ 14 ನೆನಪಾಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಗೆಳೆಯರೇ, ತೀರ್ಪಿನ ಹೆಸರಷ್ಟನ್ನೇ ಬಾಯಿಪಾಠ ಮಾಡಬೇಡಿ. ಯಾವ ವರ್ಷ, ಎಷ್ಟು ಜನರ ಪೀಠ, ಆಮೇಲೆ ಅದು ಬದಲಾಯಿತೇ ಎಂಬುದನ್ನೂ ನೋಡಿ. ನಮ್ಮ ಹಕ್ಕು ಎಲ್ಲಿಯವರೆಗೆ ಎಂದು ತಿಳಿಯುವುದು ಅಲ್ಲೇ.