ಕಿಡಿ ತಪ್ಪಿದಾಗ

ದಾರಿಯ ನಡುವೆ ಮೋಟಾರ್ ಸೈಕಲ್ಲು ನಿಂತುಹೋದರೆ ನಮ್ಮ ಊರುಗಳ ಮೆಕ್ಯಾನಿಕ್ ಮೊದಲು ಮಾಡುವ ಕೆಲಸವೊಂದುಂಟು: ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಮತ್ತೆ ಅದರ ಟೋಪಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹದ ಮೈಗೆ ತಾಗಿಸಿ ಹಿಡಿದು, ಕಿಕ್ಕರನ್ನೊಮ್ಮೆ ತುಳಿದು, ತುದಿಯಲ್ಲಿ ನೀಲಿಯ ಕಿಡಿ ಹಾರುವುದೋ ಇಲ್ಲವೋ ಎಂದು ನೋಡುವುದು. ಹಾರಿತೆಂದರೆ "ಕರೆಂಟ್ ಬರ್ತಾ ಇದೆ ಸಾರ್" ಎಂದು ತೀರ್ಪಿತ್ತು ಅವನು ಪೆಟ್ರೋಲಿನ ಕಡೆಗೆ ತಿರುಗುತ್ತಾನೆ. ಮೈಸೂರಿನ ಯಾದವಗಿರಿಯಲ್ಲಿ ಜಾವಾ ಗಾಡಿಗಳು ತಯಾರಾಗುತ್ತಿದ್ದ ಕಾಲದಿಂದಲೂ ನಡೆದುಬಂದಿರುವ ಈ ಪರೀಕ್ಷೆಯನ್ನು ಹೀಗಳೆಯುವ ಧೈರ್ಯ ನನಗಿಲ್ಲ. ಆದರೆ ಅದರ ಸಾಕ್ಷ್ಯ ಅರ್ಧ ಮಾತ್ರ.

ಆ ಕಿಡಿಯನ್ನು ಹುಟ್ಟಿಸುವ ಇಗ್ನಿಷನ್ ಕಾಯಿಲ್ ಎಂಬುದು ನೋಡುವುದಕ್ಕೆ ಮುಷ್ಟಿಯಲ್ಲಿ ಅಡಗುವ ಕಪ್ಪು ಮುದ್ದೆ. ಅದರ ಒಳಗೆ ಕಬ್ಬಿಣದ ತಿರುಳಿನ ಸುತ್ತ ಕೆಲವು ನೂರು ಸುತ್ತುಗಳ ದಪ್ಪ ತಂತಿಯೊಂದೂ, ಹತ್ತಾರು ಸಾವಿರ ಸುತ್ತುಗಳ ಕೂದಲೆಳೆಯಂಥ ತಂತಿಯೊಂದೂ ಇರುತ್ತವೆ. ಬ್ಯಾಟರಿಯ 12 ವೋಲ್ಟಿನ ವಿದ್ಯುತ್ತು ಮೊದಲನೆಯದರಲ್ಲಿ ಹರಿದು ಕಟ್ಟಿದ ಕಾಂತಕ್ಷೇತ್ರವು, ಆ ಪ್ರವಾಹವನ್ನು ಥಟ್ಟನೆ ಕಡಿದೊಡನೆ ಕುಸಿದು, 1831ರಲ್ಲಿ ಫ್ಯಾರಡೆ ಕಂಡುಕೊಂಡ ನಿಯಮಕ್ಕನುಗುಣವಾಗಿ, ಎರಡನೆಯದರಲ್ಲಿ ಹತ್ತಿಪ್ಪತ್ತು ಸಾವಿರ ವೋಲ್ಟುಗಳ ಒತ್ತಡವನ್ನು ಹುಟ್ಟಿಸುತ್ತದೆ. ಪ್ಲಗ್ಗಿನ ತುದಿಯಲ್ಲಿರುವ, ಮಿಲಿಮೀಟರಿಗೂ ಕಿರಿದಾದ ಸಂದನ್ನು ಕಿಡಿ ದಾಟುವುದು ಈ ಒತ್ತಡದ ಬಲದಿಂದ. ಆದರೆ ಗಾಳಿ ಒತ್ತಿ ಸಾಂದ್ರವಾದಷ್ಟೂ ದಾಟುವುದು ಕಠಿಣ. ಆದುದರಿಂದಲೇ, ತಂತಿಗಳ ನಡುವಣ ಅವಾಹಕ ಲೇಪ ಎಲ್ಲೋ ತೆಳುವಾಗಿರುವ ಕಾಯಿಲ್ಲೊಂದು, ಬಯಲಿನ ಗಾಳಿಯಲ್ಲಿ ಮೆಕ್ಯಾನಿಕನ ಕಣ್ಣೆದುರು ಸೊಗಸಾಗಿ ಕಿಡಿಯುಗುಳಿ, ಸಿಲಿಂಡರಿನ ಒಳಗೆ ಪಿಸ್ಟನ್ ಗಾಳಿಯನ್ನು ಹಿಂಡಿದ ಗಳಿಗೆಯಲ್ಲಿ ಸೋತುಹೋಗಬಹುದು: ವಿದ್ಯುತ್ತಿಗೆ ಸಂದಿಗಿಂತ ಸುಲಭವಾದ ಹಾದಿ ತನ್ನ ಗೂಡಿನಲ್ಲಿಯೇ ದೊರೆತಿರುತ್ತದೆ. ಆ ಹಾದಿಯಲ್ಲಿ ಕಾವು ಏರಿ ಲೇಪ ಕರಿಕಟ್ಟುತ್ತದೆ. ಕರಿಕಟ್ಟಿದಷ್ಟೂ ಹಾದಿ ಅಗಲವಾಗುತ್ತದೆ.

ನಿಮಿಷಕ್ಕೆ 3,000 ಸಲ ತಿರುಗುವ ಫೋರ್ ಸ್ಟ್ರೋಕ್ ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಸೆಕೆಂಡಿಗೆ 25 ಕಿಡಿಗಳು ಬೇಕು. ನಾಲ್ಕು ಸಿಲಿಂಡರಿನ ಕಾರಿನಲ್ಲಿ ಒಂದು ತಪ್ಪಿದರೆ ಉಳಿದ ಮೂರು ಹೇಗೋ ಎಳೆದುಕೊಂಡು ಹೋದಾವು. ಒಂಟಿ ಸಿಲಿಂಡರಿನ ಬುಲೆಟ್ಟಿಗೆ ಅಂಥ ಒಡಹುಟ್ಟಿದವರಿಲ್ಲ; ಕಿಡಿ ತಪ್ಪಿದರೆ ಅದು ಮುಗ್ಗರಿಸುತ್ತದೆ. ಲಾರಿಯನ್ನು ಹಿಂದಿಕ್ಕಲು ಹೊರಟ ಸವಾರನಿಗೆ ಆ ಮುಗ್ಗರಿಕೆಯ ಅರ್ಥ ವಿವರಿಸಬೇಕಾಗಿಲ್ಲ.

2021ರ ಮೇ 19ರಂದು ರಾಯಲ್ ಎನ್‌ಫೀಲ್ಡ್ ಕಂಪನಿಯು ಬುಲೆಟ್, ಕ್ಲಾಸಿಕ್ ಮತ್ತು ಮೀಟಿಯರ್ ಮಾದರಿಗಳ 2,36,966 ಗಾಡಿಗಳನ್ನು ಹಿಂದಕ್ಕೆ ಕರೆಯಿಸಿದ್ದು ಇದೇ ಕಾಯಿಲ್ಲಿನ ದೋಷಕ್ಕಾಗಿ. ಎಂಜಿನ್ ಮುಗ್ಗರಿಸಬಹುದು, ಶಕ್ತಿ ಕುಂದಬಹುದು, ವಿರಳವಾಗಿ ಶಾರ್ಟ್ ಸರ್ಕ್ಯೂಟ್ ಆಗಬಹುದು ಎಂಬುದು ಅದರ ಹೇಳಿಕೆ. ಭಾರತವಲ್ಲದೆ ಥಾಯ್ಲೆಂಡ್, ಇಂಡೊನೇಷ್ಯಾ, ಫಿಲಿಪೈನ್ಸ್, ಮಲೇಷ್ಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಮಾರಾಟವಾದವೂ ಇದರಲ್ಲಿ ಸೇರಿದ್ದವು. ಇವುಗಳಲ್ಲಿ ಶೇಕಡಾ ಹತ್ತಕ್ಕಿಂತ ಕಡಿಮೆ ಗಾಡಿಗಳಿಗೆ ಮಾತ್ರ ಕಾಯಿಲ್ ಬದಲಾಯಿಸಬೇಕಾದೀತೆಂದು ಕಂಪನಿ ಅಂದಾಜು ಮಾಡಿತ್ತು. ಹಾಗಿದ್ದ ಮೇಲೆ ಉಳಿದವರನ್ನೇಕೆ ಕಾಡಬೇಕಿತ್ತೆಂದು ಕೆಲವರು ಗೊಣಗಿದರೆ ಆಶ್ಚರ್ಯವಿಲ್ಲ. ಆದರೆ ಹೊರಗಿನಿಂದ ನೋಡಿದರೆ ಒಳ್ಳೆಯ ಕಾಯಿಲ್ಲಿಗೂ ಕೆಟ್ಟದ್ದಕ್ಕೂ ಭೇದವಿಲ್ಲ. ಇಂತಿಂಥ ತಿಂಗಳುಗಳಲ್ಲಿ, ಅಂದರೆ ಮೀಟಿಯರಿಗೆ 2020ರ ಡಿಸೆಂಬರಿನಿಂದಲೂ ಉಳಿದೆರಡಕ್ಕೆ 2021ರ ಜನವರಿಯಿಂದಲೂ ಏಪ್ರಿಲಿನವರೆಗೆ ತಯಾರಾದವು ಎಂಬ ದಾಖಲೆಯೊಂದೇ ಕೈಗೆ ಸಿಗುವ ಸುಳಿವು. ನನ್ನ ಮಟ್ಟಿಗೆ, ಕಂಪನಿಯ ನಿತ್ಯದ ಒಳಪರೀಕ್ಷೆಯಲ್ಲಿಯೇ ದೋಷ ಬೆಳಕಿಗೆ ಬಂದಿತೆಂಬುದು ಅದರ ಮಾನಹಾನಿಯಲ್ಲ.

ಅದೇ ವರ್ಷದ ಏಪ್ರಿಲ್ 1ರಿಂದ, 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ ಫಲವಾಗಿ, ಏಳು ವರ್ಷದೊಳಗಿನ ದೋಷಯುಕ್ತ ವಾಹನಗಳನ್ನು ಹಿಂದಕ್ಕೆ ಕರೆಯಿಸುವಂತೆ ಸರ್ಕಾರವೂ ಆಜ್ಞಾಪಿಸಬಹುದಾಗಿದೆ. ಕಾಯಿದೆ ಏನೇ ಹೇಳಲಿ, ಕರೆ ತಲಪುವುದು ಕಂಪನಿಯ ಪುಸ್ತಕದಲ್ಲಿ ಹೆಸರಿರುವವನಿಗೆ. ಗಾಡಿಯನ್ನು ಅವನಿಂದ ಸೆಕೆಂಡ್ ಹ್ಯಾಂಡಾಗಿ ಕೊಂಡು, ಫೋನ್ ನಂಬರನ್ನು ಎಲ್ಲಿಯೂ ಬರೆಯಿಸದ ಮೂರನೆಯವನಿಗಲ್ಲ. ಅಂಥವನು ಹ್ಯಾಂಡಲ್ಲನ್ನು ಒಂದು ಮಗ್ಗುಲಿಗೆ ತಿರುಗಿಸಿ, ಅದರ ಬುಡದಲ್ಲಿ ಧೂಳು ಮೆತ್ತಿದ ಚಾಸಿಸ್ ನಂಬರಿನ 17 ಅಕ್ಷರಾಂಕಗಳನ್ನು ಬಟ್ಟೆಯಿಂದ ಒರಸಿ ಬರೆದುಕೊಂಡು, ತಾನಾಗಿಯೇ ಷೋರೂಮಿಗೆ ಹೋಗಿ ವಿಚಾರಿಸಬೇಕು.