ಪ್ಯಾಲೆಟ್ ಮರದಲ್ಲಿ ಸರ್ವಿಂಗ್ ಬೋರ್ಡ್ ಮಾಡ್ಬಹುದಾ? ರೌಟರ್ ಹಿಡಿಯೋ ಮುಂಚೆ ಇದನ್ನು ಕೇಳಿ

ಕೆಫೆಗಳಲ್ಲಿ ಸ್ಯಾಂಡ್‌ವಿಚ್, ಪಿಜ್ಜಾ ಇಟ್ಟು ತರ್ತಾರಲ್ಲ, ಹಿಡಿ ಇರೋ ಮರದ ಹಲಗೆ, ಅದೇ ಇವತ್ತಿನ ವಿಷಯ. ಒಂದು ರೌಟರ್ ಇದ್ದರೆ ಇದನ್ನು ಮನೆಯಲ್ಲೇ ಮಾಡಬಹುದು, ಮಾರಲೂಬಹುದು. ನಮ್ಮ ದಾಬಸ್‌ಪೇಟೆ ಕಡೆ ಇದರ ಮಾತು ಬಂದರೆ ಮೊದಲ ಪ್ರಶ್ನೆ ಒಂದೇ: "ಇಷ್ಟೊಂದು ಫ್ಯಾಕ್ಟರಿ ಇದೆ, ಹಳೇ ಪ್ಯಾಲೆಟ್ ಗುಜರಿಲಿ ಸಿಗುತ್ತೆ, ಅದರಲ್ಲೇ ಮಾಡಿದ್ರೆ ಆಯ್ತಲ್ವಾ?" ಊಟ ಇಡೋ ಹಲಗೆಗೆ ಅದು ಬೇಡ. ಯಾಕೆ ಅಂತ ಹೇಳ್ತೀನಿ.

ವಿದೇಶಕ್ಕೆ ಹೋಗಿಬರೋ ಪ್ಯಾಲೆಟ್ ಮೇಲೆ ಗೋಧಿ ತೆನೆಯ ಚಿತ್ರ ಇರುವ ಮುದ್ರೆ ಇರುತ್ತೆ. ಅದರಲ್ಲಿ 'ಎಚ್‌ಟಿ' ಅಂತಿದ್ದರೆ, ಹುಳ ಸಾಯಲಿ ಅಂತ ಮರದ ಒಳಭಾಗವನ್ನು 56 ಡಿಗ್ರಿಯಲ್ಲಿ ಕನಿಷ್ಠ 30 ನಿಮಿಷ ಬಿಸಿ ಮಾಡಿದ್ದಾರೆ. 'ಎಂಬಿ' ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷಾನಿಲ ಹಾಯಿಸಿದ್ದಾರೆ. ಎಚ್‌ಟಿ ಆದರೂ ಅದರ ಮೇಲೆ ಎಣ್ಣೆ ಚೆಲ್ಲಿತ್ತಾ, ಕೆಮಿಕಲ್ ಚೆಲ್ಲಿತ್ತಾ ಅಂತ ಮುದ್ರೆ ಹೇಳಲ್ಲ. ಸ್ಟೂಲ್, ಶೆಲ್ಫ್ ಮಾಡಿ, ತೊಂದರೆ ಇಲ್ಲ. ಇನ್ನೊಬ್ಬರ ಮಗು ಅದರ ಮೇಲೆ ಹಣ್ಣು ಇಟ್ಟು ತಿನ್ನುತ್ತೆ ಅಂದಾಗ ಲೆಕ್ಕ ಬೇರೆ.

ಲೆಕ್ಕ ಅಂದ್ರೆ, ನಾನು ಬಿ.ಕಾಂ ಅಲ್ವಾ, ಹಾಕಿಯೇ ಬಿಡೋಣ. ಸಾಮಿಲ್‌ನಲ್ಲಿ ಮರ ಮಾರೋದು ಸಿಎಫ್‌ಟಿ, ಅಂದರೆ ಘನ ಅಡಿ ಲೆಕ್ಕದಲ್ಲಿ. 16 ಇಂಚು ಉದ್ದ, 8 ಇಂಚು ಅಗಲ, 1 ಇಂಚು ದಪ್ಪದ ಹಲಗೆಗೆ 128 ಘನ ಇಂಚು. ಒಂದು ಸಿಎಫ್‌ಟಿಗೆ 1728. ಅಂದರೆ ಲೆಕ್ಕಕ್ಕೆ 13 ಹಲಗೆ. ಗಂಟು, ಬಿರುಕು, ಗರಗಸಕ್ಕೆ ಹೋಗೋದನ್ನು ಕಳೆದು ಹತ್ತೇ ಬಂತು ಅಂದುಕೊಳ್ಳಿ. ಒಂದು ಹಲಗೆಗೆ ಬೀಳೋದು ಒಂದು ಸಿಎಫ್‌ಟಿ ಬೆಲೆಯ ಹತ್ತನೇ ಒಂದು ಭಾಗ ಅಷ್ಟೇ. ಜಾಸ್ತಿ ಖರ್ಚಾಗೋದು ನಿಮ್ಮ ಸಮಯ. ಪ್ಯಾಲೆಟ್‌ನಿಂದ ಮೊಳೆ ಕೀಳೋಕೇ ಅರ್ಧ ದಿನ ಹೋದರೆ ಉಳಿತಾಯ ಎಲ್ಲಿ ಬಂತು?

ಹಾಗಾಗಿ ಚೆನ್ನಾಗಿ ಒಣಗಿದ ಹಲಸು ಅಥವಾ ತೇಗ ತಗೊಳ್ಳಿ. ಹಲಸು ನಮ್ಮ ವೀಣೆ ಮಾಡುವ ಮರ. ತೇಗದಲ್ಲಿ ಸಿಲಿಕಾ ಇರೋದರಿಂದ ಬಿಟ್ ಬೇಗ ಮೊಂಡಾಗುತ್ತೆ, ಕಾರ್ಬೈಡ್ ಬಿಟ್ ಬೇಕು. ಹಸಿ ಮರ ಮಾತ್ರ ಬೇಡ, ಆಮೇಲೆ ಸೊಟ್ಟಗಾಗುತ್ತೆ.

ಈಗ ರೌಟರ್. ದೊಡ್ಡ ಸಿಎನ್‌ಸಿ ರೌಟರ್ ಮಾಡುವ ಇಟಲಿಯ ಬಿಯೆಸ್ಸೆ ಕಂಪನಿಯ ಕಾರ್ಖಾನೆ ನಮ್ಮ ನೆಲಮಂಗಲ ತಾಲ್ಲೂಕಿನ ಜಕ್ಕಸಂದ್ರದಲ್ಲೇ ಇದೆ. ನಮಗೆ ಕೈಯಲ್ಲಿ ಹಿಡಿಯೋದು ಸಾಕು. ಮೊದಲು ಎಂಡಿಎಫ್ ಶೀಟ್‌ನಲ್ಲಿ ಬೋರ್ಡಿನ ಅಚ್ಚು ಕತ್ತರಿಸಿ. ಅದನ್ನು ಡಬಲ್ ಟೇಪ್‌ನಲ್ಲಿ ಹಲಗೆಗೆ ಅಂಟಿಸಿ, ಹಲಗೆಯನ್ನು ಕ್ಲಾಂಪ್ ಹಾಕಿ ಬಿಗಿ ಮಾಡಿ. ಹೆಚ್ಚುವರಿ ಮರವನ್ನು ಜಿಗ್‌ಸಾದಲ್ಲಿ ಕೊಯ್ದು ಎರಡು ಮಿ.ಮೀ. ಮಾತ್ರ ಉಳಿಸಿ. ಬೇರಿಂಗ್ ಇರುವ ಬಿಟ್ ಅಚ್ಚನ್ನು ತಾಗಿಕೊಂಡು ಸಾಗಿ, ಉಳಿದಿದ್ದನ್ನು ತೆಗೆಯುತ್ತೆ.

ಒಂದು ನಿಯಮ ನೆನಪಿಡಿ: ರೌಟರ್ ಮುಂದೆ ಹೋಗುವಾಗ ಮರ ಅದರ ಎಡಗಡೆ ಇರಬೇಕು. ಹೊರಅಂಚಿಗೂ ಇದೇ, ಹಿಡಿಯ ತೂತಿನ ಒಳಗೂ ಇದೇ. ಉಲ್ಟಾ ಹೋದರೆ ನಿಮಿಷಕ್ಕೆ 20 ಸಾವಿರಕ್ಕೂ ಹೆಚ್ಚು ಸುತ್ತು ತಿರುಗೋ ಬಿಟ್ ಮರವನ್ನು ಕಚ್ಚಿಕೊಂಡು ತಾನೇ ಓಡುತ್ತೆ. ಬೆರಳು ಹೋಗೋದು ಹೀಗೇನೇ. ಒಂದು ಸಲಕ್ಕೆ ಮೂರು ಮಿ.ಮೀ. ಆಳ ಸಾಕು. ಮೊದಲು ಎರಡು ಅಡ್ಡ ತುದಿ, ಆಮೇಲೆ ಉದ್ದದ ಬದಿ. ಆಗ ಮೂಲೆಯಲ್ಲಿ ಸಿಬಿರು ಎದ್ದಿದ್ದರೂ ಎರಡನೇ ಸುತ್ತಿನಲ್ಲಿ ಹೋಗುತ್ತೆ. ಬಿಟ್ ಬದಲಿಸುವಾಗ ಪ್ಲಗ್ ಕಿತ್ತಿರಲಿ. ಕನ್ನಡಕ, ಮಾಸ್ಕ್ ಬೇಕೇ ಬೇಕು, ಮರದ ಪುಡಿ ಕ್ಯಾನ್ಸರ್‌ಕಾರಕ. ಕೈಗವಸು ಬೇಡ, ಬಿಟ್‌ಗೆ ಸಿಕ್ಕಿಕೊಳ್ಳುತ್ತೆ.

ಆಮೇಲೆ 80, 120, 220 ನಂಬರಿನ ಸ್ಯಾಂಡ್‌ಪೇಪರ್. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಎದ್ದ ನಾರನ್ನು ಇನ್ನೊಮ್ಮೆ ಉಜ್ಜಿ. ಕೊನೆಗೆ ಫುಡ್ ಗ್ರೇಡ್ ಮಿನರಲ್ ಆಯಿಲ್ ಹಚ್ಚಿ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಬೇಡ, ಕಮಟು ವಾಸನೆ ಬರುತ್ತೆ.

ಮಾರುವಾಗ ಒಂದು ಚೀಟಿ ಇಡಿ: ಯಾವ ಮರ, ಯಾವ ಎಣ್ಣೆ, ನೀರಲ್ಲಿ ನೆನೆಸಬೇಡಿ, ತೊಳೆದು ನಿಲ್ಲಿಸಿ ಒಣಗಿಸಿ. 'ಯಾವ ಮರ' ಅನ್ನೋ ಜಾಗದಲ್ಲಿ ಧೈರ್ಯವಾಗಿ ಬರೆಯೋಕೆ ಆಗದ ಹಲಗೆಯನ್ನು ಮಾರಬೇಡಿ. ಕಲಿಯೋ ಆಸೆ ಇದ್ದರೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತರಬೇತಿ ಕೊಡ್ತಾರೆ, ವಿಚಾರಿಸಿ. ಇವತ್ತಿಗೆ ಇಷ್ಟೇ, ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.